ಮಗುವಿಲ್ಲದ ಬಸಿರು

ನಮ್ಮ ಸಂಘದ ದೀಪಾವಳಿ ಸಂಚಿಕೆಗೆ ಪ್ರತಿ ವರ್ಷವೂ ನನ್ನಿಂದ ಒಂದು ‘ಆರೋಗ್ಯ ಲೇಖನ’ ವಸೂಲಾಗುತ್ತದೆ. ಸಕ್ಕರೆ ಕಾಯಿಲೆ ಆಯಿತು, ರಕ್ತದ ಒತ್ತಡ ಆಯಿತು, ಮಂಡಿನೋವು, ಕೊಲೆಸ್ಟ್ರಾಲ್, ವಿಟಮಿನ್ ಡಿ ಕೊರತೆ ಎಲ್ಲವೂ ಆದವು. ಈ ಸಲ ಸಂಪಾದಕರು ಫೋನ್ ಮಾಡಿ, “ಡಾಕ್ಟ್ರೇ, ನೀವು ಹೆರಿಗೆ ಡಾಕ್ಟ್ರು. ನಿಮ್ಮ ವಿಷಯ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಬರೀತೀರಲ್ಲ?” ಎಂದು ಛೇಡಿಸಿದರು. ಮಾತು ನಿಜ. ಬಸಿರು, ಬಾಣಂತನದ ಬಗ್ಗೆ ಹೇಳಲು ಮನೆಮನೆಯಲ್ಲೂ ಅಜ್ಜಿಯರಿದ್ದಾರೆ, ಈಗ ಇಂಟರ್ನೆಟ್ ಬೇರೆ ಇದೆ. ನಾನೇನು ಹೆಚ್ಚಿಗೆ ಹೇಳುವುದು ಎಂದು ಸುಮ್ಮನಿದ್ದೆ.

ಆದರೆ ಅಜ್ಜಿಯರೂ ಹೇಳದ, ಹೆಣ್ಣುಮಕ್ಕಳು ತಮ್ಮತಮ್ಮಲ್ಲೂ ಮಾತಾಡದ ಒಂದು ಕಾಯಿಲೆ ಇದೆ. ಹಬ್ಬದ ಸಂಚಿಕೆಗೆ ಇದು ಶುಭದ ವಿಷಯವಲ್ಲ ಎಂದು ಕೆಲವರಿಗೆ ಅನಿಸಬಹುದು. ಕೊನೆಯವರೆಗೂ ಓದಿ, ಶುಭವೂ ಇದೆ. ಇದರಲ್ಲಿ ಬರುವ ಇಬ್ಬರು ಹೆಣ್ಣುಮಕ್ಕಳ ಹೆಸರು ಹೇಳುವುದಿಲ್ಲ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಎರಡನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೊದಲನೆಯವಳ ಒಪ್ಪಿಗೆ ಕೇಳುವ ಅವಕಾಶ ನನಗಿಲ್ಲ.

ದ್ರಾಕ್ಷಿ ಬಂದಾವ್ರೀ!

1994ನೇ ಇಸವಿ. ಉತ್ತರ ಕರ್ನಾಟಕದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಎಂ.ಡಿ. ಎರಡನೇ ವರ್ಷದ ವಿದ್ಯಾರ್ಥಿ. ಹುಟ್ಟಿ ಬೆಳೆದದ್ದು ತುಮಕೂರು ಕಡೆ. ಅಲ್ಲಿನ ಗಂಡುಮೆಟ್ಟಿದ ಕನ್ನಡ ಕಿವಿಗೆ ಹಿತವಾಗಿದ್ದರೂ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಗಂಡಸು ಡಾಕ್ಟರ್ ಎಂದರೆ ಹಳ್ಳಿಯ ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಕಾಲ ಅದು. ಅವರು ಹೇಳುವುದನ್ನು ಆಯಾಗೆ ಹೇಳುತ್ತಿದ್ದರು, ಆಯಾ ನನಗೆ ಹೇಳುತ್ತಿದ್ದಳು.

ಒಂದು ರಾತ್ರಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ಚೊಚ್ಚಲ ಬಸಿರು, ಮುಟ್ಟು ನಿಂತು ಮೂರು ತಿಂಗಳು. ಹೊಟ್ಟೆ ಮಾತ್ರ ಐದು ತಿಂಗಳಿನಷ್ಟು! ಅವಳಿ ಮಕ್ಕಳೇ ಇರಬೇಕೆಂದು ಮನೆಯವರು ಹಿಗ್ಗಿದ್ದರು. ವಾಂತಿಯೋ ಹೇಳತೀರದು, ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಆ ದಿನ ಬೆಳಿಗ್ಗೆಯಿಂದ ರಕ್ತಸ್ರಾವ ಬೇರೆ ಶುರುವಾಗಿತ್ತು. ನಾನು ಕೇಸ್ ಶೀಟ್ ಬರೆಯುತ್ತಿದ್ದಾಗ ಆಯಾ ಒಳಗಿನಿಂದ ಕೂಗಿದಳು: “ಡಾಕ್ಟ್ರ, ಲಗೂನ ಬರ್ರೀ, ದ್ರಾಕ್ಷಿ ಬಂದಾವ್ರೀ!”

ಹೋಗಿ ನೋಡಿದರೆ ರಕ್ತದ ನಡುವೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು. ಕೆಲವು ನೆನೆಸಿದ ಸಬ್ಬಕ್ಕಿಯಷ್ಟು, ಕೆಲವು ನಿಜಕ್ಕೂ ದ್ರಾಕ್ಷಿಯಷ್ಟು. ಸ್ಕ್ಯಾನ್ ಮಾಡಿದೆವು. ಮಗುವಿಲ್ಲ, ಗರ್ಭಕೋಶದ ತುಂಬ ಬಿಳಿ ಬಿಳಿ ಚುಕ್ಕೆ. ‘ಹಿಮಪಾತದಂತೆ ಕಾಣುತ್ತದೆ’ ಎಂದು ಪುಸ್ತಕದಲ್ಲಿದ್ದುದನ್ನೇ ರಿಪೋರ್ಟಿನಲ್ಲಿ ಬರೆದೆವು. ಹಿಮವನ್ನು ನಾವ್ಯಾರೂ ಕಣ್ಣಿಂದ ಕಂಡವರಲ್ಲ! ಈಗ ಇಂಗ್ಲೆಂಡಿನಲ್ಲಿ ಪ್ರತಿ ಚಳಿಗಾಲ ಕಿಟಕಿಯಾಚೆ ಹಿಮ ಬೀಳುವಾಗ ಆ ರಾತ್ರಿ ನೆನಪಾಗುತ್ತದೆ.

ಎರಡು ಬಾಟಲಿ ರಕ್ತ ಕೊಟ್ಟು, ಸಕ್ಷನ್ ಮೂಲಕ ಗರ್ಭಕೋಶವನ್ನು ಖಾಲಿ ಮಾಡಿದೆವು. ಮೂರೇ ದಿನಕ್ಕೆ ಹುಡುಗಿ ಎದ್ದು ಓಡಾಡಿದಳು. ಮನೆಗೆ ಕಳಿಸುವಾಗ ಒಂದು ಕಾರ್ಡು ಬರೆದುಕೊಟ್ಟು, ವಾರಕ್ಕೊಮ್ಮೆ ಬಂದು ಮೂತ್ರ ಪರೀಕ್ಷೆ ಮಾಡಿಸಬೇಕೆಂದೆ. ಅವಳ ತಾಯಿ ಕೇಳಿದರು: “ಹೊಟ್ಟ್ಯಾಗಿಂದು ಹೋತಲ್ರೀ ಸಾಹೇಬ್ರ, ಇನ್ನ ಯಾಕ ಬರೂದ್ರೀ?”

ಒಳ್ಳೆಯ ಪ್ರಶ್ನೆ. ಊರು ಅರವತ್ತು ಕಿಲೋಮೀಟರ್ ದೂರ. ಇಬ್ಬರ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗಬೇಕು. ಹುಡುಗಿಗೆ ನೋವಿಲ್ಲ, ಜ್ವರವಿಲ್ಲ. ನಾನು ಮೂವತ್ತಾರು ಗಂಟೆಯಿಂದ ನಿದ್ದೆ ಮಾಡಿರಲಿಲ್ಲ. “ಬರಬೇಕು ಅಂದ್ರೆ ಬರಬೇಕಮ್ಮ, ಅಷ್ಟೇ,” ಎಂದು ಮುಂದಿನ ಹಾಸಿಗೆಗೆ ಹೋದೆ.

ಅವರು ಬರಲಿಲ್ಲ.

ಇದು ಏನು ಕಾಯಿಲೆ?

ಮಿಕ್ಕ ಕಥೆಗೆ ಮುಂಚೆ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ವೈದ್ಯರು ಇದನ್ನು ಹೈಡಟಿಡಿಫಾರ್ಮ್ ಮೋಲ್ ಎನ್ನುತ್ತಾರೆ. ‘ಮೋಲಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬೀಸುವ ಕಲ್ಲು. ನಾವು ಇಲ್ಲಿ ದ್ರಾಕ್ಷಿ ಗರ್ಭ ಎಂದು ಕರೆಯೋಣ.

ಸಾಮಾನ್ಯ ಬಸಿರಿನಲ್ಲಿ ತಾಯಿಯ ಅಂಡಾಣುವಿನಿಂದ 23, ತಂದೆಯ ವೀರ್ಯಾಣುವಿನಿಂದ 23, ಒಟ್ಟು 46 ವರ್ಣತಂತುಗಳು ಸೇರುತ್ತವೆ. ಪೂರ್ಣ ದ್ರಾಕ್ಷಿ ಗರ್ಭದಲ್ಲಿ ಅಂಡಾಣುವಿನಲ್ಲಿ ತಾಯಿಯ ವರ್ಣತಂತುಗಳೇ ಇರುವುದಿಲ್ಲ. ಖಾಲಿ ಅಂಡಾಣುವಿಗೆ ಬಂದ ಒಂದು ವೀರ್ಯಾಣು ತನ್ನ 23ನ್ನು ತಾನೇ ಇಮ್ಮಡಿ ಮಾಡಿಕೊಳ್ಳುತ್ತದೆ. ಕೆಲವೊಮ್ಮೆ ಎರಡು ವೀರ್ಯಾಣುಗಳು ಒಟ್ಟಿಗೆ ಸೇರುತ್ತವೆ. ಲೆಕ್ಕಕ್ಕೆ 46 ಇದೆ, ಆದರೆ ಎಲ್ಲವೂ ತಂದೆಯದು. ಇದನ್ನು ಜಪಾನಿನ ಕಾಜಿ ಮತ್ತು ಒಹಾಮಾ 1977ರಲ್ಲಿ ತೋರಿಸಿಕೊಟ್ಟರು. ಇಂಥ ಗರ್ಭದಲ್ಲಿ ಮಗು ಬೆಳೆಯುವುದಿಲ್ಲ, ಮಾಸು ಮಾತ್ರ ಹುಚ್ಚೆದ್ದು ಬೆಳೆದು ನೀರುಗುಳ್ಳೆಗಳಾಗುತ್ತದೆ. ಇನ್ನೊಂದು ಬಗೆ ಅಪೂರ್ಣ ದ್ರಾಕ್ಷಿ ಗರ್ಭ. ಅದರಲ್ಲಿ ತಾಯಿಯ ಒಂದು ಪಾಲು, ತಂದೆಯ ಎರಡು ಪಾಲು ಸೇರಿ ಸಾಮಾನ್ಯವಾಗಿ 69 ವರ್ಣತಂತುಗಳಾಗುತ್ತವೆ. ಮಗುವಿನ ಅಂಶ ಕಂಡರೂ ಅದು ಉಳಿಯುವುದಿಲ್ಲ.

ಬ್ರಿಟನ್ನಿನ ಲೆಕ್ಕದಂತೆ ಸುಮಾರು 714 ಜೀವಂತ ಜನನಗಳಿಗೆ ಒಂದು ದ್ರಾಕ್ಷಿ ಗರ್ಭ. ಇಲ್ಲಿಯೇ ಇರುವ ಏಷ್ಯಾ ಮೂಲದ ಹೆಂಗಸರಲ್ಲಿ 387ಕ್ಕೆ ಒಂದು! ಹದಿಹರೆಯದ ಆರಂಭದಲ್ಲಿ ಬಸಿರಾದವರಿಗೆ, 45 ದಾಟಿದ ಮೇಲೆ ಬಸಿರಾದವರಿಗೆ ಸಂಭವ ಇನ್ನೂ ಹೆಚ್ಚು. ಹಾಗಾಗಿ ಇದು ನಮ್ಮ ಸಂಘದ ಕುಟುಂಬಗಳಿಗೆ ದೂರದ ವಿಷಯವೇನಲ್ಲ.

ಹಳೆಯ ಕಾಲದವರಿಗೂ ಇದು ಗೊತ್ತಿತ್ತು. ಹಿಪೊಕ್ರೆಟಿಸ್‌ನ ಕಾಲದ ಗ್ರೀಕರು ಕೆಟ್ಟ ನೀರು ಕುಡಿದರೆ ಹೀಗಾಗುತ್ತದೆಂದು ಭಾವಿಸಿದ್ದರು. ಹಾಲೆಂಡಿನ ಲೋಸ್‌ಡೌನೆನ್ ಎಂಬಲ್ಲಿ 1276ರಲ್ಲಿ ಮಾರ್ಗರೆಟ್ ಎಂಬ ಶ್ರೀಮಂತ ಹೆಂಗಸು ಒಂದೇ ಹೆರಿಗೆಯಲ್ಲಿ 365 ಮಕ್ಕಳನ್ನು ಹೆತ್ತಳೆಂಬ ಐತಿಹ್ಯವಿದೆ. ಅವಳಿ ಮಕ್ಕಳ ಬಡ ತಾಯಿಯನ್ನು ಹೀಯಾಳಿಸಿದ್ದಕ್ಕೆ ತಗುಲಿದ ಶಾಪವಂತೆ. ಇದು ದ್ರಾಕ್ಷಿ ಗರ್ಭವೇ ಇರಬೇಕೆಂದು ಅನೇಕ ವೈದ್ಯರು ಊಹಿಸಿದ್ದಾರೆ. ಗಾಂಧಾರಿ ಹೆತ್ತ ಮಾಂಸಪಿಂಡ ನೂರೊಂದು ತುಂಡಾದ ಕಥೆ ನಿಮಗೂ ಈಗ ನೆನಪಾಗಿರಬೇಕು. ಪುರಾಣವನ್ನು ಮೈಕ್ರೋಸ್ಕೋಪಿನಡಿ ಇಡಲಾಗದು, ಬಿಡಿ. ಆದರೆ ಎರಡೂ ಕಥೆಗಳಲ್ಲಿ ದೋಷ ಬಂದು ಕೂತದ್ದು ಹೆಣ್ಣಿನ ಮೇಲೆಯೇ ಎಂಬುದನ್ನು ಗಮನಿಸಿ.

ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡ

ಗರ್ಭವನ್ನು ಖಾಲಿ ಮಾಡಿದ ಮೇಲೂ ವಾರವಾರ ಪರೀಕ್ಷೆ ಏಕೆ? ಆ ತಾಯಿಯ ಪ್ರಶ್ನೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ ಇದು.

ಊರಿನ ಹಳೆಯ ದೇವಸ್ಥಾನದ ಗೋಡೆಯಲ್ಲಿ ಅರಳಿ ಗಿಡ ಹುಟ್ಟುವುದನ್ನು ನೋಡಿದ್ದೀರಲ್ಲ? ಮೇಲಿನ ಗಿಡವನ್ನು ಕಿತ್ತು ಹಾಕಿದರೂ ಬೇರಿನ ಎಳೆಯೊಂದು ಕಲ್ಲಿನ ಸಂದಿಯಲ್ಲಿ ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಕೊನೆಗೆ ಗೋಡೆಯನ್ನೇ ಸೀಳುತ್ತದೆ. ಮಾಸಿನ ಹೊರಪದರದ ಟ್ರೋಫೋಬ್ಲಾಸ್ಟ್ ಎಂಬ ಜೀವಕೋಶಗಳ ಸ್ವಭಾವವೂ ಹೀಗೆಯೇ. ತಾಯಿಯ ಗರ್ಭಕೋಶದ ಗೋಡೆಯೊಳಗೆ ಬೇರೂರಿ ರಕ್ತನಾಳಗಳಿಂದ ಮಗುವಿಗೆ ಆಹಾರ ತರುವುದು ಅವುಗಳ ಕೆಲಸ. ಸಾಮಾನ್ಯ ಬಸಿರಿನಲ್ಲಿ ಅವು ಒಂದು ಮಟ್ಟದಲ್ಲಿ ನಿಲ್ಲುತ್ತವೆ, ಹೆರಿಗೆಯಾದ ಮೇಲೆ ಅಳಿಯುತ್ತವೆ. ದ್ರಾಕ್ಷಿ ಗರ್ಭದಲ್ಲಿ ಕೆಲವೊಮ್ಮೆ ಅವು ನಿಲ್ಲುವುದೂ ಇಲ್ಲ, ಅಳಿಯುವುದೂ ಇಲ್ಲ. ಗರ್ಭಕೋಶದ ಸ್ನಾಯುವಿನ ಒಳಕ್ಕೇ ಕೊರೆದುಕೊಂಡು ಹೋದರೆ ಅದು ಇನ್ವೇಸಿವ್ ಮೋಲ್. ಅದಕ್ಕೂ ಉಗ್ರವಾದದ್ದು ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರ್. ಇದು ರಕ್ತದ ಮೂಲಕ ಬೇಗ ಶ್ವಾಸಕೋಶಕ್ಕೆ, ಮಿದುಳಿಗೆ, ಯಕೃತ್ತಿಗೆ ಹರಡುತ್ತದೆ. ಅಪರೂಪಕ್ಕೆ, ಸುಮಾರು ಐವತ್ತು ಸಾವಿರಕ್ಕೊಂದರಂತೆ, ಸಹಜ ಹೆರಿಗೆಯ ನಂತರವೂ ಬರಬಹುದು. ನಿಧಾನವಾಗಿ ಬೆಳೆಯುವ ಇನ್ನೆರಡು ಬಗೆಯ ಗೆಡ್ಡೆಗಳೂ ಇವೆ. ಅವು ತೀರಾ ಅಪರೂಪ, ಅವಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ.

ಬ್ರಿಟನ್ನಿನ ಅನುಭವದಂತೆ ಪೂರ್ಣ ದ್ರಾಕ್ಷಿ ಗರ್ಭವಾದ ನೂರರಲ್ಲಿ ಸುಮಾರು ಹದಿನೈದು ಮಂದಿಗೆ, ಅಪೂರ್ಣವಾದರೆ ನೂರರಲ್ಲಿ ಒಬ್ಬರಿಗೋ ಅದಕ್ಕೂ ಕಡಿಮೆಯೋ, ಮುಂದೆ ಕೀಮೋಥೆರಪಿ ಬೇಕಾಗುತ್ತದೆ. ಯಾರಿಗೆ ಬೇಕಾಗುತ್ತದೆಂದು ಮುಖ ನೋಡಿ ಹೇಳಲಾಗದು. ಆದರೆ ಒಂದು ಅನುಕೂಲವಿದೆ. ಈ ಜೀವಕೋಶಗಳು ಎಲ್ಲೇ ಅಡಗಿದ್ದರೂ ಎಚ್‌ಸಿಜಿ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಬಸಿರಿನ ಪರೀಕ್ಷೆಯ ಕಡ್ಡಿಯಲ್ಲಿ ಗೆರೆ ಮೂಡಿಸುವುದೂ ಇದೇ ಹಾರ್ಮೋನು. ಕಳ್ಳ ಎಲ್ಲೇ ಬಚ್ಚಿಟ್ಟುಕೊಂಡರೂ ಕಾಲಿನ ಗೆಜ್ಜೆ ಸದ್ದು ಮಾಡಿದಂತೆ! ಎಚ್‌ಸಿಜಿ ವಾರವಾರಕ್ಕೂ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದರೆ ಬೇರು ಒಣಗಿದೆ ಎಂದರ್ಥ. ಮೂರು ವಾರ ಒಂದೇ ಮಟ್ಟದಲ್ಲಿ ನಿಂತರೆ, ಅಥವಾ ಎರಡು ವಾರ ಏರುತ್ತಲೇ ಹೋದರೆ, ಬೇರು ಮತ್ತೆ ಚಿಗುರುತ್ತಿದೆ. ಇತರ ಕ್ಯಾನ್ಸರುಗಳಂತೆ ಇದಕ್ಕೆ ಸಾಮಾನ್ಯವಾಗಿ ತುಣುಕು ತೆಗೆದು ಪರೀಕ್ಷಿಸುವುದಿಲ್ಲ. ಈ ಗೆಡ್ಡೆಗಳಲ್ಲಿ ರಕ್ತನಾಳಗಳು ಹೆಚ್ಚು. ಚುಚ್ಚಿದರೆ ರಕ್ತ ನಿಲ್ಲದೆ ಹೋಗಬಹುದು. ಅಂಕಿಯನ್ನು ನಂಬಿಯೇ ಚಿಕಿತ್ಸೆ ಶುರುಮಾಡುತ್ತೇವೆ.

1994ರಲ್ಲಿ ನಮ್ಮ ಆಸ್ಪತ್ರೆಯಲ್ಲಿ ರಕ್ತದ ಎಚ್‌ಸಿಜಿ ಅಳೆಯುವ ವ್ಯವಸ್ಥೆ ಇರಲಿಲ್ಲ. ಮೂತ್ರಕ್ಕೆ ನೀರು ಬೆರೆಸಿ ನೂರು ಪಟ್ಟು, ಇನ್ನೂರು ಪಟ್ಟು ತೆಳುವಾಗಿಸಿ, ಆಗಲೂ ಬಸಿರಿನ ಪರೀಕ್ಷೆ ಪಾಸಿಟಿವ್ ಬರುತ್ತದೆಯೇ ಎಂದು ನೋಡುತ್ತಿದ್ದೆವು. ಒರಟು ಲೆಕ್ಕ, ಆದರೂ ಉಪಯೋಗಕ್ಕೆ ಬರುತ್ತಿತ್ತು. ರೋಗಿ ಬಂದರೆ ಮಾತ್ರ.

ಐದು ತಿಂಗಳ ನಂತರ

ಆ ಹುಡುಗಿ ಐದು ತಿಂಗಳ ನಂತರ ಬಂದಳು. ಮೊದಲು ನಮ್ಮ ವಾರ್ಡಿಗಲ್ಲ, ಮೆಡಿಸಿನ್ ವಾರ್ಡಿಗೆ. ಕೆಮ್ಮಿದರೆ ರಕ್ತ. ಬೇರೊಂದು ಕಡೆ ಕ್ಷಯವೆಂದು ಎರಡು ತಿಂಗಳು ಮಾತ್ರೆ ಕೊಟ್ಟಿದ್ದರು. ಹೊಟ್ಟೆಯ ವಿಷಯವನ್ನು ಅವಳೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಗುಂಡನೆಯ ಬಿಳಿ ನೆರಳುಗಳು. ಮೆಡಿಸಿನ್ ವಿಭಾಗದ ನನ್ನ ಸ್ನೇಹಿತ ಅವಳ ಚೀಲದಲ್ಲಿದ್ದ ಹಳೆಯ ಕಾರ್ಡು ನೋಡಿ ನನಗೆ ಹೇಳಿಕಳಿಸಿದ. ಅದು ನನ್ನದೇ ಕೈಬರಹ. ಮೂತ್ರವನ್ನು ಇನ್ನೂರು ಪಟ್ಟು ತೆಳುವಾಗಿಸಿದರೂ ಪರೀಕ್ಷೆ ಪಾಸಿಟಿವ್.

ಔಷಧ ತರಿಸಿ ಶುರುಮಾಡಿದೆವು. ಮೂರನೇ ದಿನ ಮಧ್ಯಾಹ್ನ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಸಂಜೆಯ ಹೊತ್ತಿಗೆ ಹೋಗಿಬಿಟ್ಟಳು.

ಅವಳ ತಾಯಿ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, “ಕೂಸ ಇಲ್ಲದ ಬಸುರು ನನ್ನ ಮಗಳನ್ನ ಹ್ಯಾಂಗ ತಿಂತ್ರೀ ಸಾಹೇಬ್ರ?” ಎಂದು ಕೇಳಿದರು. ಐದು ತಿಂಗಳ ಹಿಂದೆ ಕೇಳಿದ ಪ್ರಶ್ನೆಯೇ ಅದು, ಬೇರೆ ಮಾತಿನಲ್ಲಿ. ಅರಳಿ ಗಿಡದ ಹೋಲಿಕೆಯನ್ನು ಹೇಳಲು ಅಂದು ನನಗೆ ಐದು ನಿಮಿಷ ಬೇಕಾಗಿತ್ತು. ಆ ಐದು ನಿಮಿಷವನ್ನು ನಾನು ಕೊಡಲಿಲ್ಲ. ಮೂವತ್ತು ವರ್ಷಗಳಿಂದ ಈ ಕಾಯಿಲೆಯ ಪ್ರತಿಯೊಬ್ಬ ರೋಗಿಗೂ ನಾನು ಕುರ್ಚಿ ಎಳೆದುಕೊಂಡು ಕೂತು, ಅರಳಿ ಗಿಡದ ಕಥೆ ಹೇಳುತ್ತೇನೆ. ಅರಳಿ ಮರ ಗೊತ್ತಿಲ್ಲದ ಇಂಗ್ಲಿಷರಿಗೆ ಹಾದಿಯ ಕಲ್ಲು ಸೀಳಿ ಬರುವ ಕಳೆ ಎನ್ನುತ್ತೇನೆ.

ವಿಟಮಿನ್ನಿನ ಶತ್ರುವೇ ಮದ್ದು

1950ರ ದಶಕದವರೆಗೆ ಹರಡಿದ ಕೋರಿಯೋಕಾರ್ಸಿನೋಮ ಎಂದರೆ ಸಾವೇ. ಅದನ್ನು ಬದಲಿಸಿದ ಕಥೆಯಲ್ಲಿ ನಮ್ಮ ದೇಶದ ಎಳೆಯೂ ಇದೆ.

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಿಂದ ಕೆಲವು ವರ್ಷ ಮುಂಬಯಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆಂದು ಕಂಡುಕೊಂಡರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ, ಇಂದು ಪ್ರತಿ ಬಸುರಿಗೂ ನಾವು ಕೊಡುವ ಮಾತ್ರೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1923ರಲ್ಲಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದರಂತೆಯೇ ಕಾಣುವ, ಆದರೆ ಅದರ ಕೆಲಸ ಕೆಡಿಸುವ ವಸ್ತುಗಳನ್ನೂ ತಯಾರಿಸಿತು. ಅವುಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ವೇಗವಾಗಿ ಬೆಳೆಯುವ ಜೀವಕೋಶಗಳಿಗೆ ಫೋಲಿಕ್ ಆಮ್ಲ ಬೇಕೇಬೇಕು. ಅದು ಸಿಗದಂತೆ ಮಾಡಿದರೆ ಅವು ಸಾಯುತ್ತವೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಚೀನಾ ಮೂಲದ ವೈದ್ಯ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ ಕೋರಿಯೋಕಾರ್ಸಿನೋಮಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದರು. ಶ್ವಾಸಕೋಶದ ಗೆಡ್ಡೆಗಳು ಕರಗಿ ಹೋದವು! 1956ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧದಿಂದಲೇ ಗುಣವಾದ ಮೊದಲ ಗೆಡ್ಡೆ ಕ್ಯಾನ್ಸರ್ ಇದು. ಎಕ್ಸ್-ರೇ ಚೊಕ್ಕಟವಾದ ಮೇಲೂ ರೋಗಿಯ ಹಾರ್ಮೋನು ಸೊನ್ನೆಗೆ ಇಳಿದಿಲ್ಲವೆಂದು ಲೀ ಔಷಧ ಮುಂದುವರಿಸಿದರು. ಕಣ್ಣಿಗೆ ಕಾಣದ ರೋಗಕ್ಕೆ ವಿಷ ಕೊಡುತ್ತಿದ್ದಾನೆಂದು ಮೇಲಿನವರು ಅವರನ್ನು ಕೆಲಸದಿಂದಲೇ ತೆಗೆದರು. ಬೇಗ ಔಷಧ ನಿಲ್ಲಿಸಿದವರಿಗೆ ರೋಗ ಮರುಕಳಿಸಿತು; ಲೀ ಅವರ ಹಟದಿಂದ ಸೊನ್ನೆಯವರೆಗೆ ಔಷಧ ಪಡೆದವರು ಉಳಿದರು. 1972ರಲ್ಲಿ ಅವರಿಗೆ ಲ್ಯಾಸ್ಕರ್ ಪ್ರಶಸ್ತಿ ಬಂತು.

ಅಡುಗೆಮನೆಯ ಕ್ಯಾಲೆಂಡರ್

ಈಗ ಎರಡನೆಯ ಕಥೆ. 2016ರ ಏಪ್ರಿಲ್, ನಮ್ಮ ಸಂಘದ ಯುಗಾದಿ ಕಾರ್ಯಕ್ರಮ. ಹಾಸನದ ಕಡೆಯ ಯುವ ದಂಪತಿ, ಇಬ್ಬರೂ ಸಾಫ್ಟ್‌ವೇರ್. ಆಕೆ ಹೋಳಿಗೆಯ ವಾಸನೆಗೇ ಎದ್ದು ಓಡಿದ್ದನ್ನು ಕಂಡು ನನ್ನ ಹೆಂಡತಿ ನನ್ನ ಕಿವಿಯಲ್ಲಿ ‘ಸಿಹಿ ಸುದ್ದಿ’ ಎಂದಳು. ಎರಡು ವಾರದ ನಂತರ ರಾತ್ರಿ ಹತ್ತು ಗಂಟೆಗೆ ಗಂಡನ ಫೋನ್. “ಸರ್, ಸ್ಕ್ಯಾನ್‌ನಲ್ಲಿ ಮಗು ಇಲ್ವಂತೆ. ಏನೋ ಮೋಲಾರ್ ಅಂತಿದಾರೆ. ಕ್ಯಾನ್ಸರ್ ಅಂತೆ ನೆಟ್‌ನಲ್ಲಿ...” ಮುಂದೆ ಮಾತು ಹೊರಡಲಿಲ್ಲ.

ನಾನು ಆಕೆಯ ಡಾಕ್ಟರ್ ಅಲ್ಲ, ಮನೆಯ ಸ್ನೇಹಿತ ಅಷ್ಟೇ. ಆದರೂ ಮರುದಿನ ಹೋಗಿ, ಕುರ್ಚಿ ಎಳೆದುಕೊಂಡು ಅರಳಿ ಗಿಡದ ಕಥೆ ಹೇಳಿದೆ.

ಈ ಕಾಯಿಲೆಯ ವಿಷಯದಲ್ಲಿ ಬ್ರಿಟನ್ನಿನವರನ್ನು ಮೆಚ್ಚಲೇಬೇಕು. 1973ರಿಂದ ಇಲ್ಲಿ ದ್ರಾಕ್ಷಿ ಗರ್ಭವಾದವರ ಹೆಸರನ್ನು ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಾಯಿಸುವ ವ್ಯವಸ್ಥೆಯಿದೆ. ಲಂಡನ್ನಿನ ಚೇರಿಂಗ್ ಕ್ರಾಸ್, ಶೆಫೀಲ್ಡ್, ಡಂಡೀ ಈ ಮೂರು ಕೇಂದ್ರಗಳು ನೋಡಿಕೊಳ್ಳುತ್ತವೆ. ರೋಗಿ ಊರಿಂದ ಅಲೆಯಬೇಕಾಗಿಲ್ಲ. ಅಂಚೆಯಲ್ಲಿ ಡಬ್ಬಿ ಬರುತ್ತದೆ, ರಕ್ತವನ್ನೋ ಮೂತ್ರವನ್ನೋ ತುಂಬಿಸಿ ಅಂಚೆಯಲ್ಲೇ ಕಳಿಸಬೇಕು. ಅಂಚೆಯಣ್ಣನ ಕೈಯಲ್ಲಿ ಇದೂ ಸಾಗುತ್ತದೆಂದು ಆ ತಾಯಿಗೆ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ಆಕೆ ತನ್ನ ಅಂಕಿಗಳನ್ನು ಅಡುಗೆಮನೆಯ ಕನ್ನಡ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ, ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಶುರುವಿನಲ್ಲಿ 1,90,000. ಎರಡು ವಾರಕ್ಕೆ 6,800. ನಾಲ್ಕಕ್ಕೆ 2,900. ಎಲ್ಲರೂ ಉಸಿರು ಬಿಟ್ಟೆವು. ಆರನೇ ವಾರ 3,400. ಏಳಕ್ಕೆ 4,700. ಎಂಟಕ್ಕೆ 7,200. “ಸರ್, ನನಗೆ ಏನೂ ಆಗ್ತಿಲ್ಲ, ಚೆನ್ನಾಗೇ ಇದೀನಿ. ಆಫೀಸಿಗೂ ಹೋಗ್ತಿದೀನಿ. ನಂಬರ್ ತಪ್ಪಿರಬಹುದಾ?” ಎಂದು ಕೇಳಿದಳು. ಇನ್ನೊಬ್ಬಳು ಹುಡುಗಿ ‘ಚೆನ್ನಾಗೇ’ ಇದ್ದುದು ನನ್ನ ಕಣ್ಣ ಮುಂದೆ ಬಂತು. “ನಂಬರ್ ಸರಿಯಾಗಿದೆಯಮ್ಮ. ನಾಳೆಯೇ ಹೊರಡಿ,” ಎಂದೆ.

ಕೇಂದ್ರದಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದರು. ಗರ್ಭಕೋಶದ ಗೋಡೆಯೊಳಗೆ ಮೂರು ಸೆಂಟಿಮೀಟರಿನ, ರಕ್ತನಾಳ ತುಂಬಿದ ಗಂಟು, ಅಂದರೆ ಇನ್ವೇಸಿವ್ ಮೋಲ್. ಎದೆಯ ಎಕ್ಸ್-ರೇ ಚೊಕ್ಕಟ. ವಯಸ್ಸು, ಹಿಂದಿನ ಬಸಿರಿನ ಬಗೆ, ಅದಾಗಿ ಕಳೆದ ಕಾಲ, ಎಚ್‌ಸಿಜಿ ಮಟ್ಟ, ಗೆಡ್ಡೆಯ ಗಾತ್ರ, ಎಲ್ಲೆಲ್ಲಿ ಎಷ್ಟು ಹರಡಿದೆ, ಹಿಂದೆ ಕೀಮೋ ಆಗಿದೆಯೇ ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. 6 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ, ಸಾಮಾನ್ಯವಾಗಿ ಒಂದೇ ಔಷಧ ಸಾಕು. 7 ಅಥವಾ ಅದಕ್ಕಿಂತ ಹೆಚ್ಚಾದರೆ ಐದು ಔಷಧಗಳ ಕಟ್ಟು ಬೇಕು. ಈಕೆಗೆ 2 ಅಂಕ.

ಮೆಥೊಟ್ರೆಕ್ಸೇಟ್ 50 ಮಿಲಿಗ್ರಾಂ ಇಂಜೆಕ್ಷನ್ ದಿನ ಬಿಟ್ಟು ದಿನ ನಾಲ್ಕು ಸಲ. ನಡುವಿನ ದಿನಗಳಲ್ಲಿ ದೇಹದ ಒಳ್ಳೆಯ ಜೀವಕೋಶಗಳನ್ನು ಕಾಪಾಡಲು ಫೋಲಿನಿಕ್ ಆಮ್ಲದ ಮಾತ್ರೆ. ಆಮೇಲೆ ಒಂದು ವಾರ ಬಿಡುವು, ಮತ್ತೆ ಅದೇ ಸುತ್ತು. ರಕ್ತಸ್ರಾವದ ಭಯಕ್ಕೆ ಮೊದಲ ಸುತ್ತು ಆಸ್ಪತ್ರೆಯಲ್ಲಿ, ಮಿಕ್ಕಿದ್ದು ಮನೆಯ ಹತ್ತಿರವೇ. ಕೂದಲು ಉದುರಲಿಲ್ಲ. ಬಾಯಿಹುಣ್ಣು ಮಾತ್ರ ಬಹಳ ಕಾಡಿತು.

ಅಷ್ಟರಲ್ಲಿ ಹಾಸನದಿಂದ ಅತ್ತೆ ಬಂದಿಳಿದರು. ಬಸಿರಿಗೆಂದು ಕಾದಿರಿಸಿದ್ದ ಟಿಕೆಟ್ಟು! ವಿಷಯವನ್ನು ಊರಿಗೆ ಹೇಳುವುದೋ ಬೇಡವೋ ಎಂದು ದಂಪತಿ ಎರಡು ತಿಂಗಳು ಗುದ್ದಾಡಿದ್ದರು. ಆ ತಾಯಿ ಮೊದಲು ಅತ್ತರು. ಗ್ರಹಣ, ನಾಗದೋಷ, ಆಫೀಸಿನ ಕಂಪ್ಯೂಟರ್ ಎಲ್ಲವನ್ನೂ ಒಂದು ಸುತ್ತು ಬೈದರು. ನಾನು ಖಾಲಿ ಅಂಡಾಣುವಿನ, 46 ವರ್ಣತಂತುಗಳ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಪೂರಾ ನನ್ ಮಗಂದೇ ತಪ್ಪು ಅಂತಾಯ್ತಲ್ಲ ಡಾಕ್ಟ್ರೇ!” ಎಂದರು. ಯಾರ ತಪ್ಪೂ ಅಲ್ಲ, ಹೊಲದಲ್ಲಿ ಒಂದು ಕಾಳು ಜೊಳ್ಳಾದ ಹಾಗೆ ಎಂದು ಸಮಾಧಾನ ಹೇಳಿದೆ. ಆ ಹೋಲಿಕೆ ಅವರಿಗೆ ಒಪ್ಪಿತು. ಆಮೇಲೆ ಖಾರ ಹಾಕದ ಗಂಜಿ, ಕಿವುಚಿದ ಮೊಸರನ್ನ ಮಾಡಿ ಸೊಸೆಗೆ ನಾಲ್ಕು ತಿಂಗಳು ಮಗುವಿನಂತೆ ಉಣ್ಣಿಸಿದವರು ಅವರೇ. ಊರಿಂದ ತಂದಿದ್ದ ಲೇಹ್ಯದ ಡಬ್ಬಿಯನ್ನು ಮಾತ್ರ ನಾನು ಕೈಮುಗಿದು ಬೀರುವಿನ ಮೇಲಿಡಿಸಿದೆ.

ಐದು ಸುತ್ತಿಗೆ ಎಚ್‌ಸಿಜಿ ಸಹಜ ಮಟ್ಟಕ್ಕೆ ಇಳಿಯಿತು. ಲೀ ಅವರ ಪಾಠದಂತೆ ಆಮೇಲೂ ಆರು ವಾರ, ಮೂರು ಸುತ್ತು. ಆ ವರ್ಷ ದೀಪಾವಳಿ ಅಕ್ಟೋಬರ್ 30ಕ್ಕೆ ಬಿದ್ದಿತ್ತು. ಅದಕ್ಕೆ ಎರಡು ವಾರ ಮುಂಚೆ ಕೊನೆಯ ಇಂಜೆಕ್ಷನ್ ಮುಗಿಯಿತು. ಕ್ಯಾಲೆಂಡರಿನಲ್ಲಿ ಆಕೆ ಪೆನ್ಸಿಲ್ ಬಿಟ್ಟು ಕೆಂಪು ಪೆನ್ನಿನಲ್ಲಿ ದೊಡ್ಡ ಸೊನ್ನೆ ಬರೆದಿದ್ದಳು.

ನೆನಪಿಡಬೇಕಾದ ಕೆಲವು ಮಾತು

1. ಗರ್ಭಪಾತವಾಗಿ ಆಸ್ಪತ್ರೆಯಲ್ಲಿ ಸ್ವಚ್ಛ ಮಾಡಿದರೆ, ತೆಗೆದದ್ದನ್ನು ಪೆಥಾಲಜಿಗೆ ಕಳಿಸಿದ್ದಾರೆಯೇ ಎಂದು ಕೇಳಿ. ಅಪೂರ್ಣ ದ್ರಾಕ್ಷಿ ಗರ್ಭ ಬಹಳ ಸಲ ಗೊತ್ತಾಗುವುದೇ ಅಲ್ಲಿ. ರಜೆಗೆ ಊರಿಗೆ ಹೋದಾಗ ಹೀಗಾದರೆ ಆ ರಿಪೋರ್ಟನ್ನು ಜೊತೆಗೆ ತನ್ನಿ.

2. ಗರ್ಭಪಾತಕ್ಕೆ ಮಾತ್ರೆ ತೆಗೆದುಕೊಂಡಿದ್ದರೆ ಮೂರು ವಾರದ ನಂತರ ಮನೆಯಲ್ಲೇ ಒಮ್ಮೆ ಬಸಿರಿನ ಪರೀಕ್ಷೆ ಮಾಡಿ. ಆಗಲೂ ಪಾಸಿಟಿವ್ ಇದ್ದರೆ ಸುಮ್ಮನಿರಬೇಡಿ.

3. ಹೆರಿಗೆ ಅಥವಾ ಗರ್ಭಪಾತದ ನಂತರ ವಾರಗಟ್ಟಲೆ ರಕ್ತ ಹೋಗುತ್ತಿದ್ದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಯಾವ ವಿಭಾಗದ ಡಾಕ್ಟರ ಬಳಿ ಹೋದರೂ ಬಸಿರಿನ ವಿಷಯವನ್ನು ನೀವಾಗಿಯೇ ಹೇಳಿ. ನಾಚಿಕೆ ಬೇಡ.

4. ಎಚ್‌ಸಿಜಿ ಪರೀಕ್ಷೆಗಳು ಮುಗಿಯುವವರೆಗೆ ಮತ್ತೆ ಬಸಿರಾಗಬೇಡಿ. ಹೊಸ ಬಸಿರೂ ಅದೇ ಹಾರ್ಮೋನನ್ನು ಏರಿಸುವುದರಿಂದ ರೋಗ ಮರೆಯಾಗಿಬಿಡುತ್ತದೆ. ಕೀಮೋ ಪಡೆದವರು ಅದು ಮುಗಿದ ಮೇಲೆ ಒಂದು ವರ್ಷ ಕಾಯಬೇಕು. ಈ ನಡುವೆ ಭಾರತಕ್ಕೆ ಹೋಗುವುದಿದ್ದರೆ ನಿಮ್ಮ ಕೇಂದ್ರಕ್ಕೆ ಮೊದಲೇ ತಿಳಿಸಿ.

5. ಮೆಥೊಟ್ರೆಕ್ಸೇಟ್ ನಡೆಯುವಾಗ ಬಸಿರಿಗೆಂದು ತಂದಿದ್ದ ಫೋಲಿಕ್ ಆಮ್ಲದ ಮಾತ್ರೆ ನಿಲ್ಲಿಸಬೇಕು. ನೋವಿನ ಮಾತ್ರೆ, ಟಾನಿಕ್, ಲೇಹ್ಯ, ಕಷಾಯ ಯಾವುದನ್ನೂ ಕೇಳದೆ ತೆಗೆದುಕೊಳ್ಳಬೇಡಿ. ಮದ್ಯ ಬೇಡವೇ ಬೇಡ.

6. ಎದೆಗುಂದಬೇಡಿ. ಅಪಾಯ ಕಡಿಮೆಯಿರುವ ಗುಂಪಿನಲ್ಲಿ ಸರಿಯಾದ ಚಿಕಿತ್ಸೆ ಪಡೆದ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ. ಹೆಚ್ಚಿನ ಅಪಾಯದ ಗುಂಪಿನಲ್ಲೂ ಪರಿಣತ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಮುಂದಿನ ಬಸಿರಿನಲ್ಲಿ ಮತ್ತೆ ದ್ರಾಕ್ಷಿ ಗರ್ಭವಾಗುವ ಸಂಭವ ಸುಮಾರು ನೂರಕ್ಕೊಂದು. ಅಂದರೆ ಉಳಿದ ತೊಂಬತ್ತೊಂಬತ್ತರಲ್ಲಿ ಆ ಭಯವಿಲ್ಲ.

ಊರಿನಲ್ಲಿರುವ ನಿಮ್ಮ ಅಕ್ಕತಂಗಿಯರಿಗೂ ಇದನ್ನು ಹೇಳಿ. ಈಗ ಕರ್ನಾಟಕದಲ್ಲೂ ಎಚ್‌ಸಿಜಿ ರಕ್ತಪರೀಕ್ಷೆ ದುರ್ಲಭವಲ್ಲ, ಮೆಥೊಟ್ರೆಕ್ಸೇಟ್ ದುಬಾರಿ ಔಷಧವೂ ಅಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆ ಇದೆ. ಆದರೆ ಇಲ್ಲಿನಂತೆ ನೆನಪಿಸಿ ಕಾಗದ ಬರೆಯುವ ವ್ಯವಸ್ಥೆ ಅಲ್ಲಿ ಎಲ್ಲ ಕಡೆ ಇಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕು. ಪ್ರತಿ ವಾರ ವಿಡಿಯೋ ಕಾಲ್ ಮಾಡುವಾಗ “ಊಟ ಆಯ್ತಾ?” ಎಂದು ಕೇಳುವ ಜೊತೆಗೆ “ಈ ವಾರದ ನಂಬರ್ ಎಷ್ಟು ಬಂತು?” ಎಂದೂ ಕೇಳಿ.

ಹಾಸನದ ಆ ದಂಪತಿಗೆ 2018ರ ಡಿಸೆಂಬರಿನಲ್ಲಿ ಹೆಣ್ಣು ಮಗುವಾಯಿತು. ಹೆರಿಗೆಯ ನಂತರ ಇನ್ನೊಮ್ಮೆ ಡಬ್ಬಿ ಬಂತು, ಇನ್ನೊಮ್ಮೆ ಅಂಚೆಗೆ ಹೋಯಿತು, ಫಲಿತಾಂಶ ಸಹಜ. ಆ ಪುಟ್ಟಿ ಈಗ ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ಕಲಿಯುತ್ತಿದ್ದಾಳೆ. ಈ ಬಾರಿಯ ದೀಪಾವಳಿ ಕಾರ್ಯಕ್ರಮದಲ್ಲಿ ಮಕ್ಕಳ ನೃತ್ಯವಿದೆ, ಮೊದಲ ಸಾಲಿನಲ್ಲಿ ಎಡದಿಂದ ಮೂರನೆಯವಳು ಎಂದಷ್ಟೇ ನನಗೆ ಗೊತ್ತು. ನೀವು ಹುಡುಕಲು ಹೋಗಬೇಡಿ, ಹೆಜ್ಜೆ ತಪ್ಪಿದರೂ ಚಪ್ಪಾಳೆ ಹೊಡೆಯಿರಿ.

ನಾನು ಆ ಚಪ್ಪಾಳೆಯ ನಡುವೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಇನ್ನೊಬ್ಬಳನ್ನೂ ನೆನೆಯುತ್ತೇನೆ. ಬದುಕಿದ್ದರೆ ಅವಳಿಗೆ ಈಗ ಐವತ್ತರ ಆಸುಪಾಸು.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.